ಕಿಯಾಂತಿ ಕೆಂಪು ವೈನು: ಪರಂಪರೆ ಇರುವುದು ಅಳತೆಯಲ್ಲೋ, ಅಳತೆಯ ಹಿಂದಿನ ಕಾರಣದಲ್ಲೋ?

ಹಳೆಬೇರು

ಎಲ್ಲರಿಗೂ ನಮಸ್ಕಾರ. ಇಟಲಿಯ ಟಸ್ಕನಿ ಪ್ರಾಂತ್ಯದ ಕಿಯಾಂತಿ ವೈನಿನ ಹೆಸರನ್ನು ಬಹುತೇಕ ಎಲ್ಲರೂ ಕೇಳಿದ್ದಾರೆ. ಆದರೆ ಅದು ಹುಟ್ಟಿನಿಂದಲೇ ಹಲವು ದ್ರಾಕ್ಷಿ ತಳಿಗಳ ಮಿಶ್ರಣ ಎಂಬುದಾಗಲಿ, ಆ ಮಿಶ್ರಣದಲ್ಲಿ ಯಾವ ತಳಿಗೆ ಎಷ್ಟು ಪಾಲು ಎಂಬ ಬಗ್ಗೆ ನೂರೈವತ್ತು ವರ್ಷಗಳಿಂದ ವಾದ ನಡೆಯುತ್ತಲೇ ಇದೆ ಎಂಬುದಾಗಲಿ ಅಷ್ಟಾಗಿ ತಿಳಿದಿಲ್ಲ. ಆ ಒಂದು ವಿಷಯವನ್ನು ಹಿಡಿದು ಚರ್ಚಿಸಬೇಕೆಂದು ಈ ಎಳೆಯನ್ನು ಆರಂಭಿಸುತ್ತಿದ್ದೇನೆ.

ಮೊದಲು ದಾಖಲೆಗಳನ್ನು ನೋಡೋಣ. 1716ರ ಸೆಪ್ಟೆಂಬರ್ 24ರಂದು ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಮೂರನೆಯ ಕೊಸಿಮೊ ಒಂದು ಆಜ್ಞೆ ಹೊರಡಿಸಿ ಕಿಯಾಂತಿ, ಪೊಮೀನೊ, ಕಾರ್ಮಿನ್ಯಾನೊ ಮತ್ತು ಮೇಲಿನ ಆರ್ನೊ ಕಣಿವೆ ಎಂಬ ನಾಲ್ಕು ಸೀಮೆಗಳ ಎಲ್ಲೆಯನ್ನು ಗುರುತಿಸಿದನು. ವೈನಿನ ಹೆಸರಿಗೆ ನೆಲದ ಗಡಿ ಹಾಕಿದ ಕಾನೂನುಗಳಲ್ಲಿ ಇದು ಜಗತ್ತಿನ ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತದೆ. ಆ ಆಜ್ಞೆಯ ಕಾಳಜಿ ನೆಲ ಮತ್ತು ವ್ಯಾಪಾರದ ಪ್ರಾಮಾಣಿಕತೆ. ಯಾವ ಬಳ್ಳಿಯನ್ನು ಎಷ್ಟು ಬೆರೆಸಬೇಕೆಂಬ ವಿಷಯಕ್ಕೆ ಅದು ಕೈಹಾಕಲಿಲ್ಲ.

ತಳಿಗಳ ಮಾತು ಸ್ಪಷ್ಟವಾಗಿ ಬರುವುದು 1872ರಲ್ಲಿ. ಬೆತ್ತೀನೊ ರಿಕಾಸೊಲಿ ಏಕೀಕೃತ ಇಟಲಿಯ ಎರಡನೆಯ ಪ್ರಧಾನಿ. ಬ್ರೋಲಿಯೊ ಕೋಟೆಯ ಒಡೆಯ. ಅವರ ಮನೆತನ ಆ ಕೋಟೆಯನ್ನು 1141ರಿಂದ ಹಿಡಿದುಕೊಂಡು ಬಂದಿದೆ. ರಾಜಕೀಯದಷ್ಟೇ ಶ್ರದ್ಧೆಯಿಂದ ವೈನಿನ ಪ್ರಯೋಗಗಳನ್ನೂ ನಡೆಸಿದ ಈ ವ್ಯಕ್ತಿ, ಆ ವರ್ಷದ ಸೆಪ್ಟೆಂಬರ್ 26ರಂದು ಪೀಸಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಚೇಸರೆ ಸ್ತುದಿಯಾತಿ ಅವರಿಗೆ ಬರೆದ ಪತ್ರದಲ್ಲಿ ತಮ್ಮ ದೀರ್ಘ ಪ್ರಯೋಗಗಳ ಫಲವನ್ನು ತಿಳಿಸಿದರು. ಅದರ ತಿರುಳು ಇಷ್ಟು: ವೈನಿಗೆ ಮುಖ್ಯ ಪರಿಮಳವೂ ಕಸುವೂ ಬರುವುದು ಸಾಂಜೊವೇಸೆ ಎಂಬ ಕೆಂಪು ದ್ರಾಕ್ಷಿಯಿಂದ, ಅದರ ಗಡಸನ್ನು ಮೆತ್ತಗಾಗಿಸಿ, ಪರಿಮಳವನ್ನು ಕೆಡಿಸದೆ ಸಿಹಿಯ ಭಾವ ಕೊಡುವುದು ಕನಾಯೊಲೊ ಎಂಬ ಇನ್ನೊಂದು ಕೆಂಪು ದ್ರಾಕ್ಷಿ, ಮಾಲ್ವಸೀಯ ಎಂಬ ಬಿಳಿ ದ್ರಾಕ್ಷಿ ವೈನನ್ನು ತೆಳುವಾಗಿಸುತ್ತದೆ, ರುಚಿಯನ್ನು ಹೆಚ್ಚಿಸುತ್ತದೆ, ದಿನನಿತ್ಯದ ಊಟಕ್ಕೆ ಬೇಗ ಸಿದ್ಧವಾಗುವಂತೆ ಮಾಡುತ್ತದೆ. ಇದರ ಜೊತೆಗೇ ಇನ್ನೊಂದು ಮಾತನ್ನೂ ಅವರು ಸೇರಿಸಿದ್ದಾರೆ: ಹಳತಾಗಿಸಲು ಇಡುವ ವೈನಿನಲ್ಲಿ ಮಾಲ್ವಸೀಯವನ್ನು ಬಿಟ್ಟುಬಿಡಬಹುದು.

ಈ ಕೊನೆಯ ಮಾತನ್ನೇ ಮುಂದಿನವರು ಮರೆತರು. 1967ರಲ್ಲಿ ಕಿಯಾಂತಿಗೆ ಸರ್ಕಾರಿ ಮಾನ್ಯತೆಯ ನಿಯಮಾವಳಿ ಬಂದಾಗ ಸಾಂಜೊವೇಸೆ ಶೇ. 50ರಿಂದ 80, ಕನಾಯೊಲೊ ಶೇ. 10ರಿಂದ 30, ಬಿಳಿ ದ್ರಾಕ್ಷಿಗಳು ಶೇ. 10ರಿಂದ 30 ಎಂದು ನಿಗದಿಯಾಯಿತು. ಬಿಳಿ ದ್ರಾಕ್ಷಿಯನ್ನು ಬೆರೆಸದೆ ಕಿಯಾಂತಿ ಎಂಬ ಹೆಸರನ್ನೇ ಹಾಕುವಂತಿರಲಿಲ್ಲ. ಅಷ್ಟು ಸಾಲದೆಂಬಂತೆ, ರಿಕಾಸೊಲಿ ಹೆಸರಿಸಿದ್ದ ಮಾಲ್ವಸೀಯದ ಜೊತೆಗೆ ಇಳುವರಿಗೆ ಹೆಸರಾದ ತ್ರೆಬ್ಬಿಯಾನೊ ಕೂಡ ಅದೇ ಪಾಲಿನೊಳಗೆ ಸೇರಿಕೊಂಡಿತು. ಪ್ರಯೋಗಶೀಲನೊಬ್ಬ ಕಾರಣ ಸಹಿತ ಬರೆದಿದ್ದ ಸಲಹೆಯಲ್ಲಿ ಕಾರಣ ಬಿದ್ದುಹೋಗಿ ಅಂಕಿ ಮಾತ್ರ ಕಾನೂನಾಯಿತು. ಕಿಯಾಂತಿಯ ಪರಂಪರೆ ಎಂದರೆ ಆ ಅಂಕಿಗಳಲ್ಲ, ನಾಲಿಗೆಗೂ ನೆಲಕ್ಕೂ ಹೊಂದುವ ಹಾಗೆ ಬೆರೆಸುವ ವಿವೇಕ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಲ್ಲವರು ಇದನ್ನು ಪರಾಮರ್ಶಿಸಬೇಕೆಂದು ಕೋರುತ್ತೇನೆ.

ಆರ್ನೊ ದಡದಿಂದ

ಹಳೆಬೇರು ಅವರೇ, ಎಳೆಯನ್ನು ಆರಂಭಿಸಿದ್ದಕ್ಕೆ ಧನ್ಯವಾದಗಳು. ಉದ್ಯೋಗನಿಮಿತ್ತ ಫ್ಲಾರೆನ್ಸಿನಲ್ಲಿ ನೆಲೆಸಿರುವ ಕನ್ನಡತಿ ನಾನು. ತಾವು ಪತ್ರ ಮತ್ತು ಕಾನೂನಿನ ಕಡೆಯಿಂದ ಹೇಳಿದ್ದನ್ನು ನೆಲದ ಕಡೆಯಿಂದ ಸ್ವಲ್ಪ ತುಂಬಿಕೊಡಲು ಪ್ರಯತ್ನಿಸುತ್ತೇನೆ.

ಕಿಯಾಂತಿ ಎಂದರೆ ಮೂಲತಃ ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಿನ ಗುಡ್ಡಗಾಡು. ರಾದ್ದಾ, ಗಾಯೊಲೆ, ಕಾಸ್ತೆಲ್ಲೀನಾ ಎಂಬ ಮೂರು ಊರುಗಳು 14ನೆಯ ಶತಮಾನದಲ್ಲಿ ಫ್ಲಾರೆನ್ಸಿನ ಅಧೀನದಲ್ಲಿ ಒಂದು ಕೂಟವಾಗಿ ಸಂಘಟಿತವಾಗಿದ್ದವು. ಆ ಕೂಟದ ಲಾಂಛನವೇ ಇಂದು ಬಾಟಲಿಗಳ ಕತ್ತಿನ ಮೇಲೆ ಕಾಣುವ ಕಪ್ಪು ಹುಂಜ. ಫ್ಲಾರೆನ್ಸಿನ ಪಲಾತ್ಸೊ ವೆಕ್ಕಿಯೊ ಅರಮನೆಯ ದೊಡ್ಡ ಸಭಾಂಗಣದ ಮೇಲ್ಚಾವಣಿಯಲ್ಲಿ ವಸಾರಿ ಬರೆದ ಚಿತ್ರಗಳ ನಡುವೆಯೂ ಆ ಹುಂಜ ಕಾಣಿಸಿಕೊಳ್ಳುತ್ತದೆ. ಎರಡು ನಗರಗಳ ಕುದುರೆ ಸವಾರರು ಹುಂಜ ಕೂಗಿದಾಗ ಹೊರಟು, ಭೇಟಿಯಾದಲ್ಲಿ ಗಡಿ ಹಾಕಬೇಕೆಂದು ಒಪ್ಪಂದವಾಗಿ, ಫ್ಲಾರೆನ್ಸಿನವರು ತಮ್ಮ ಕಪ್ಪು ಹುಂಜವನ್ನು ಉಪವಾಸ ಕೆಡವಿ ಬೇಗ ಕೂಗಿಸಿದರೆಂಬ ಕತೆಯನ್ನು ಇಲ್ಲಿನ ಮಕ್ಕಳೂ ಹೇಳುತ್ತಾರೆ. ಅದು ಐತಿಹ್ಯ. ಆದರೆ ಎರಡು ನಗರಗಳೂ ಈ ಗುಡ್ಡಗಳಿಗಾಗಿ ಶತಮಾನಗಳ ಕಾಲ ಬಡಿದಾಡಿದ್ದು ನಿಜ.

ಮಣ್ಣಿನ ವಿಷಯಕ್ಕೆ ಬರೋಣ. ಇಲ್ಲಿ ಗಲೆಸ್ತ್ರೊ ಎಂಬ ಪದರುಕಲ್ಲು ಸಿಗುತ್ತದೆ. ಕೈಯಲ್ಲಿ ಹಿಡಿದು ಒತ್ತಿದರೆ ಹಾಳೆಹಾಳೆಯಾಗಿ ಕಳಚಿ ಪುಡಿಯಾಗುತ್ತದೆ. ಅದರ ಜೊತೆಗೆ ಅಲ್ಬೆರೇಸೆ ಎಂಬ ಗಟ್ಟಿಯಾದ, ಮಾಸಲು ಬಣ್ಣದ ಸುಣ್ಣಕಲ್ಲು. ಲಾಮೊಲೆಯಂತಹ ಎತ್ತರದ ಹಳ್ಳಿಗಳಲ್ಲಿ ಮರಳುಗಲ್ಲಿನ ಪಾಲು ಹೆಚ್ಚು. ನೀರು ನಿಲ್ಲದ ಇಂಥ ಬಡ ನೆಲದಲ್ಲಿ ಬಳ್ಳಿ ಸೊಕ್ಕಿ ಬೆಳೆಯುವುದಿಲ್ಲ. ಕಾಯಿ ಚಿಕ್ಕದಾಗಿ, ಸಿಪ್ಪೆಯ ಪಾಲು ಹೆಚ್ಚಾಗುತ್ತದೆ. ಸಾಂಜೊವೇಸೆ ತಡವಾಗಿ ಮಾಗುವ, ಹುಳಿಯನ್ನು ಕೊನೆಯವರೆಗೂ ಉಳಿಸಿಕೊಳ್ಳುವ ತಳಿ. ಎತ್ತರದ ತಂಪು ಇಳಿಜಾರಿನಲ್ಲಿ ಅದು ಪೂರ್ತಿ ಮಾಗುವ ಮೊದಲೇ ಮಳೆ ಹಿಡಿಯುವ ವರ್ಷಗಳು ಹಿಂದೆ ಬಹಳ ಇದ್ದವು. ಒಗರೂ ಹುಳಿಯೂ ಮಿಕ್ಕ ಅಂಥ ವರ್ಷದ ರಸವನ್ನು ಕುಡಿಯುವಂತೆ ಮಾಡಲು ಮತ್ತೊಂದು ದ್ರಾಕ್ಷಿಯ ಹಂಗು ಬೇಕೇ ಬೇಕಾಗಿತ್ತು.

ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಭೂಮಿಯ ಒಡೆತನ. ಇಲ್ಲಿ ಶತಮಾನಗಳ ಕಾಲ ನಡೆದದ್ದು ಅರೆಪಾಲಿನ ಕೋರು ಪದ್ಧತಿ. ಒಕ್ಕಲು ಕುಟುಂಬ ಒಡೆಯನ ನೆಲದಲ್ಲಿ ದುಡಿದು ಫಸಲಿನ ಅರ್ಧವನ್ನು ಒಪ್ಪಿಸುತ್ತಿತ್ತು. ಉಳಿದ ಅರ್ಧದಲ್ಲಿ ವರ್ಷವಿಡೀ ಬದುಕಬೇಕಾದ ಕುಟುಂಬಕ್ಕೆ ಒಂದೇ ಬೆಳೆ ನಂಬಿ ಕೂರಲು ಸಾಧ್ಯವಿರಲಿಲ್ಲ. ಹಾಗಾಗಿ ಗೋಧಿಯ ಸಾಲುಗಳ ನಡುವೆ ಆಲಿವ್ ಮರ, ಅದರ ಪಕ್ಕದಲ್ಲಿ ಮೇಪಲ್ ಮರಕ್ಕೆ ಹಬ್ಬಿಸಿದ ದ್ರಾಕ್ಷಿ ಬಳ್ಳಿ, ಕೆಂಪು ಬಿಳಿ ಎಂಬ ಭೇದವಿಲ್ಲದೆ ಒಂದೇ ಸಾಲಿನಲ್ಲಿ ನಾಲ್ಕಾರು ತಳಿಗಳು. ಕೊಯ್ಲಿನ ದಿನ ಎಲ್ಲವೂ ಒಂದೇ ತೊಟ್ಟಿಗೆ ಬೀಳುತ್ತಿತ್ತು. ರಿಕಾಸೊಲಿಯ ಪತ್ರಕ್ಕಿಂತ ಬಹಳ ಹಿಂದಿನಿಂದಲೂ ಮಿಶ್ರಣ ಇತ್ತು; ಅವರು ಮಾಡಿದ್ದು ಆ ಗೊಂದಲದಲ್ಲಿ ಯಾವುದರ ಕೆಲಸ ಏನೆಂದು ಬೇರ್ಪಡಿಸಿ ನೋಡಿದ್ದು. ಅವರ ಹಿರಿಮೆ ಅದು.

ತೊರವಿ ತೋಟ

ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ನಾನು ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರ, ನಮ್ಮ ಮಾಲು ಬಹುತೇಕ ಮಣೂಕಕ್ಕೇ, ಅಂದರೆ ಒಣದ್ರಾಕ್ಷಿಗೇ, ಹೋಗುತ್ತದೆ. ವೈನಿನ ಅನುಭವ ನನಗಿಲ್ಲ, ಆದರೆ ಬಳ್ಳಿಯ ಅನುಭವದಿಂದ ಒಂದೆರಡು ಪ್ರಶ್ನೆಗಳಿವೆ.

ಮೊದಲನೆಯದು: ಕಿಯಾಂತಿಯಲ್ಲಿ ಗೊಂಚಲುಗಳನ್ನು ಒಣಗಿಸಿ ಆಮೇಲೆ ವೈನಿಗೆ ಸೇರಿಸುವ ಹಳೆಯ ಪದ್ಧತಿಯೊಂದು ಇತ್ತೆಂದು ಕೇಳಿದ್ದೇನೆ. ನಾವು ಮಣೂಕ ಮಾಡುವಾಗ ಗೊಂಚಲನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ ಶೆಡ್ಡಿನ ಬಲೆಗಳ ಮೇಲೆ ಹರಡುತ್ತೇವೆ. ಸಿಪ್ಪೆಯ ಮೇಲಿನ ಮೇಣ ಕರಗಿ ಎರಡು ವಾರಗಳ ಆಸುಪಾಸಿನಲ್ಲಿ ಒಣಗುತ್ತದೆ. ಅವರ ಒಣಗಿಸುವಿಕೆ ಹೇಗೆ, ಎಷ್ಟರ ಮಟ್ಟಿಗೆ, ಯಾತಕ್ಕೆ?

ಎರಡನೆಯದು: ಬಿಳಿ ತಳಿಯನ್ನು ಕಾನೂನೇ ಕಡ್ಡಾಯ ಮಾಡಿದ್ದಕ್ಕೆ ಹಳೆಬೇರು ಅವರು ಕಾರಣ ಮರೆತರೆಂದು ಹೇಳಿದ್ದಾರೆ. ಬೆಳೆಗಾರನಾಗಿ ನನಗೆ ಅದು ಬರೀ ಮರೆವು ಎನ್ನಿಸುವುದಿಲ್ಲ. ತೋಟದಲ್ಲಿ ಈಗಾಗಲೇ ನೆಟ್ಟು, ಭರ್ತಿ ಫಸಲು ಕೊಡುತ್ತಿರುವ ಬಳ್ಳಿಯನ್ನು ಕಿತ್ತುಹಾಕೆಂದು ಹೇಳಲು ಯಾವ ಸರ್ಕಾರಕ್ಕೂ ಧೈರ್ಯ ಬರುವುದಿಲ್ಲ. ನೆಟ್ಟವರ ಹೊಟ್ಟೆಪಾಡಿನ ಲೆಕ್ಕವೂ ಆ ಅಂಕಿಯೊಳಗೆ ಇದ್ದಿರಬೇಕಲ್ಲವೇ?

ಹಳೆಬೇರು

ತೊರವಿಯವರೇ, ಎರಡೂ ಪ್ರಶ್ನೆಗಳು ವಿಷಯದ ನಡುಮಧ್ಯಕ್ಕೇ ಕರೆದೊಯ್ಯುತ್ತವೆ.

ಆ ಪದ್ಧತಿಯ ಹೆಸರು ಗೊವೆರ್ನೊ. ಸುಗ್ಗಿಯ ಸಮಯದಲ್ಲಿ ಒಳ್ಳೆಯ ಗೊಂಚಲುಗಳನ್ನು, ಅದರಲ್ಲೂ ಗಾಢ ಬಣ್ಣ ಕೊಡುವ ಕೊಲೊರೀನೊ ತಳಿಯನ್ನು, ಆರಿಸಿ ಬೇರೆ ಇಡುತ್ತಿದ್ದರು. ಯಾವ ದ್ರಾವಣದಲ್ಲೂ ಅದ್ದುತ್ತಿರಲಿಲ್ಲ. ಗಾಳಿಯಾಡುವ ಅಟ್ಟದ ಮೇಲೆ ಜೊಂಡಿನ ಚಾಪೆಗಳಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ ನಿಧಾನವಾಗಿ ಬಾಡಿಸುತ್ತಿದ್ದರು. ಮಣೂಕದ ಹಂತಕ್ಕೆ ಹೋಗಬಾರದು, ಸಿಪ್ಪೆ ಸುಕ್ಕುಗಟ್ಟಿ ಸಕ್ಕರೆ ಸಾಂದ್ರವಾದರೆ ಸಾಕು. ಅಷ್ಟರಲ್ಲಿ ಕೆಳಗಿನ ತೊಟ್ಟಿಯ ವೈನು ತನ್ನ ಮೊದಲ ಹುದುಗನ್ನು ಮುಗಿಸಿ ತಣ್ಣಗಾಗುತ್ತಿತ್ತು. ನವೆಂಬರ್ ಹೊತ್ತಿಗೆ ಬಾಡಿದ ಹಣ್ಣನ್ನು ಹಿಚುಕಿ ಅದಕ್ಕೆ ಸೇರಿಸಿದರೆ ಹೊಸ ಸಕ್ಕರೆ ಸಿಕ್ಕ ಹುದುಗು ಮತ್ತೆ ಎದ್ದು ಚಳಿಗಾಲವೆಲ್ಲ ಮೆಲ್ಲನೆ ಕೆಲಸ ಮಾಡುತ್ತಿತ್ತು. ಬಣ್ಣ ಏರುತ್ತಿತ್ತು, ಬಾಯಿಗೆ ಮೆತ್ತಗೆನಿಸುವ ಗುಣ ಬರುತ್ತಿತ್ತು, ನಾಲಿಗೆಯ ಮೇಲೆ ಸಣ್ಣಗೆ ಚುರುಗುಡುವ ಅನಿಲ ಉಳಿಯುತ್ತಿತ್ತು. ಮರುವರ್ಷದ ವಸಂತಕ್ಕೆಲ್ಲ ಅದು ಕುಡಿಯಲು ಸಿದ್ಧ. ಹುಲ್ಲು ಹೆಣೆದ ದುಂಡು ಹೊಟ್ಟೆಯ ಫಿಯಾಸ್ಕೊ ಬಾಟಲಿಗಳಲ್ಲಿ ಲೋಕವೆಲ್ಲ ಸುತ್ತಿದ ಕಿಯಾಂತಿ ಬಹುಮಟ್ಟಿಗೆ ಇಂಥದ್ದೇ. ಆ ಬಾಟಲಿಯ ತಳ ಗುಂಡಗಿದ್ದರಿಂದ ತಾನಾಗಿ ನಿಲ್ಲುತ್ತಿರಲಿಲ್ಲ. ಹಳ್ಳಿಯ ಹೆಂಗಸರು ಜೌಗು ನೆಲದ ಹುಲ್ಲನ್ನು ಒಣಗಿಸಿ ಹೆಣೆದ ಕವಚವೇ ಅದಕ್ಕೆ ಪೀಠವೂ ಹೌದು, ಸಾಗಾಟದಲ್ಲಿ ಒಡೆಯದಂತೆ ಕಾಯುವ ಕಟ್ಟೂ ಹೌದು.

ಎರಡನೆಯ ಪ್ರಶ್ನೆಯಲ್ಲಿ ತಾವು ಹೇಳಿದ ಕಾರಣವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ, ಅದಕ್ಕೆ ಇನ್ನೆರಡನ್ನು ಸೇರಿಸುತ್ತೇನೆ. 1932ರಲ್ಲಿ ಸರ್ಕಾರದ ಆಯೋಗವೊಂದು ಕಿಯಾಂತಿ ಎಂಬ ಹೆಸರನ್ನು ಏಳು ಉಪವಲಯಗಳಿಗೆ ವಿಸ್ತರಿಸಿತು. ಮೂಲ ಗುಡ್ಡಗಳಿಗೆ ಕ್ಲಾಸಿಕೊ ಎಂಬ ವಿಶೇಷಣ ಉಳಿಯಿತು. ಮಿಕ್ಕಂತೆ ರೂಫೀನಾ, ಮೊಂತಾಲ್ಬಾನೊ, ಸಿಯೆನಾ, ಅರೆತ್ಸೊ, ಪೀಸಾ, ಫ್ಲಾರೆನ್ಸ್ ಸುತ್ತಲಿನ ಗುಡ್ಡಗಳೆಲ್ಲ ಆ ಹೆಸರನ್ನು ಪಡೆದವು. ಇಷ್ಟು ವಿಶಾಲ ಸೀಮೆಗೆ ಒಂದೇ ಅಳತೆ ಹಾಕಬೇಕಾದಾಗ ಎಲ್ಲರ ತೋಟದಲ್ಲೂ ಇರುವುದೇ ಅಳತೆಯಾಗುತ್ತದೆ. ಇನ್ನೊಂದು ಕಾರಣ ಎರಡನೆಯ ಮಹಾಯುದ್ಧದ ನಂತರದ ವಲಸೆ. ಕೋರು ಒಕ್ಕಲುಗಳು ನಗರದ ಕಾರ್ಖಾನೆಗಳಿಗೆ ಹೋದರು, 1964ರಿಂದ ಹೊಸ ಕೋರು ಒಪ್ಪಂದಗಳೇ ನಿಷಿದ್ಧವಾದವು, ಮಿಶ್ರ ಬೇಸಾಯದ ಹೊಲಗಳು ಸಾಲುಸಾಲಿನ ದ್ರಾಕ್ಷಿ ತೋಟಗಳಾದವು. ಆ ಅವಸರದಲ್ಲಿ ನೆಟ್ಟದ್ದು ಹೆಚ್ಚಾಗಿ ಇಳುವರಿಯ ಸಸಿಗಳು. ಗುಣದಲ್ಲಿ ಹಿಂದಿದ್ದ ಸಾಂಜೊವೇಸೆಗೆ ತ್ರೆಬ್ಬಿಯಾನೊ ಬೆರೆತು, ಬಣ್ಣವಿಲ್ಲದ, ಹುಳಿ ಮಾತ್ರ ಇರುವ ವೈನು ಹೊರಬಂದಿತು. ಅದಕ್ಕೆ ಕಸುವು ತುಂಬಲು ಹೊರಗಿನ ಪ್ರದೇಶಗಳ ರಸವನ್ನೂ ವೈನನ್ನೂ ಒಂದು ಮಿತಿಯೊಳಗೆ ಬೆರೆಸಲು ಅದೇ ನಿಯಮಾವಳಿ ಅನುಮತಿಸಿತ್ತು. ಬಿಳಿ ದ್ರಾಕ್ಷಿಯಿಂದ ತೆಳುವಾದದ್ದನ್ನು ದಕ್ಷಿಣ ಇಟಲಿಯ ವೈನಿನಿಂದ ದಪ್ಪಗಾಗಿಸುವ ಈ ವ್ಯವಸ್ಥೆಯನ್ನು ಪರಂಪರೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ರಸಶಾಲೆ

ಆಹಾರ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿ ಒಂದು ಅಂಶವನ್ನು ಸೇರಿಸಬಯಸುತ್ತೇನೆ, ಏಕೆಂದರೆ ಬಿಳಿ ದ್ರಾಕ್ಷಿಯನ್ನು ಬೆರೆಸುವುದೇ ತಪ್ಪು ಎಂಬ ಭಾವನೆ ಓದುಗರಲ್ಲಿ ಮೂಡಬಾರದು.

ಕೆಂಪು ವೈನಿನ ಬಣ್ಣ ಸಿಪ್ಪೆಯಲ್ಲಿರುವ ಆಂಥೊಸಯಾನಿನ್ ಎಂಬ ವರ್ಣದ್ರವ್ಯಗಳಿಂದ ಬರುತ್ತದೆ. ಸಾಂಜೊವೇಸೆಯಲ್ಲಿ ಇವುಗಳ ಒಟ್ಟು ಪ್ರಮಾಣ ಕಡಿಮೆ. ಇರುವವುಗಳಲ್ಲಿಯೂ ಬೇಗ ಉತ್ಕರ್ಷಣಗೊಳ್ಳುವ ಬಗೆಯವು ಗಣನೀಯವಾಗಿವೆ, ಸ್ಥಿರತೆ ಹೆಚ್ಚಿಸುವ ಅಸೈಲ್ ರೂಪದವು ಬಹಳ ವಿರಳ. ಆದುದರಿಂದಲೇ ಶುದ್ಧ ಸಾಂಜೊವೇಸೆ ವೈನು ಗಾಜಿನ ಲೋಟದಲ್ಲಿ ಮಾಣಿಕ್ಯದಂತೆ ಪಾರದರ್ಶಕವಾಗಿ ಕಾಣುತ್ತದೆ ಮತ್ತು ಬೇಗ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಈ ಗುಣ ಎಷ್ಟು ವಿಶಿಷ್ಟವೆಂದರೆ, ವರ್ಣದ್ರವ್ಯಗಳ ವಿಶ್ಲೇಷಣೆಯಿಂದ ಅದಕ್ಕೆ ಕ್ಯಾಬರ್ನೆ ಮುಂತಾದ ಗಾಢ ಬಣ್ಣದ ತಳಿಗಳನ್ನು ಬೆರೆಸಿದ ಸುಳಿವನ್ನು ಪ್ರಯೋಗಾಲಯದಲ್ಲಿ ಹಿಡಿಯಬಹುದು.

ಈಗ ಬಿಳಿ ದ್ರಾಕ್ಷಿಯ ಪಾತ್ರ. ಬಿಳಿ ಹಣ್ಣನ್ನು ಸಿಪ್ಪೆಯ ಸಮೇತ ಕೆಂಪು ಹಣ್ಣಿನ ಜೊತೆಯಲ್ಲಿಯೇ ಹುದುಗಿಸಿದರೆ, ಬಿಳಿ ಸಿಪ್ಪೆಯ ಬಣ್ಣರಹಿತ ಫಿನಾಲ್‌ಗಳು ಕೆಂಪು ವರ್ಣದ್ರವ್ಯಗಳೊಡನೆ ಸಡಿಲವಾಗಿ ಜೋಡಿಯಾಗಿ ಬಣ್ಣವನ್ನು ಎತ್ತಿ ಹಿಡಿಯುವುದುಂಟು. ಅತ್ಯಲ್ಪ ಪಾಲಿಗೆ ಮಾತ್ರ ಈ ಲಾಭ. ಪಾಲು ಏರಿದಂತೆ ಬಣ್ಣವೂ ಒಗರೂ ನೀರಾಗುತ್ತವೆ. ಶೇ. 30ರ ತ್ರೆಬ್ಬಿಯಾನೊ ಎಂದರೆ ಲಾಭದ ಗೆರೆಯನ್ನು ಬಹಳ ಹಿಂದೆಯೇ ದಾಟಿ ಬಂದಂತೆ. ಮಾಲ್ವಸೀಯಕ್ಕೆ ತನ್ನದೇ ಸುಗಂಧವಿದೆ, ತ್ರೆಬ್ಬಿಯಾನೊದಲ್ಲಿ ಅದೂ ಅಷ್ಟಕ್ಕಷ್ಟೆ. ರಿಕಾಸೊಲಿ ಒಂದನ್ನು ಹೆಸರಿಸಿ ಇನ್ನೊಂದನ್ನು ಹೆಸರಿಸದೆ ಬಿಟ್ಟದ್ದು ಕೇವಲ ಆಕಸ್ಮಿಕ ಇರಲಾರದು.

ಗೊವೆರ್ನೊ ಕುರಿತು ಒಂದು ಮಾತು. ಚಳಿಗಾಲದಲ್ಲಿ ಹುದುಗು ಮತ್ತೆ ಏಳುವುದರಿಂದ ವೈನು ಬೆಚ್ಚಗಾಗುತ್ತದೆ. ಆ ಬಿಸುಪಿನಲ್ಲಿ ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿಸುವ ಬ್ಯಾಕ್ಟೀರಿಯಾಗಳು ಕೆಲಸಕ್ಕೆ ಇಳಿಯುತ್ತವೆ. ಉಷ್ಣತೆ ನಿಯಂತ್ರಿಸುವ ಉಪಕರಣಗಳಿಲ್ಲದ ಕಾಲದಲ್ಲಿ ತಣ್ಣನೆಯ ನೆಲಮಾಳಿಗೆಯಲ್ಲಿ ಹುಳಿಯನ್ನು ಪಳಗಿಸಲು ಇದಕ್ಕಿಂತ ಜಾಣ ಉಪಾಯ ಇನ್ನೊಂದಿರಲಿಲ್ಲ.

ಪೀಪಾಯಿ

ಚರ್ಚೆ ಬಹಳ ಉಪಯುಕ್ತವಾಗಿದೆ. ಆದರೂ ನನ್ನ ಭಿನ್ನಮತವನ್ನು ದಾಖಲಿಸುವುದು ಅಗತ್ಯವೆನ್ನಿಸುತ್ತದೆ. ಪರಂಪರೆಯನ್ನು ಉಳಿಸಿದವರು ನಿಯಮ ಪಾಲಿಸಿದವರಲ್ಲ, ನಿಯಮ ಮುರಿದು ಹೊರನಡೆದವರು; ಅವರ ಕೈಯಲ್ಲಿದ್ದ ಒಂದು ಮುಖ್ಯ ಸಾಧನ ಹೊರಗಿನಿಂದ ಬಂದ ತಳಿಗಳೇ.

ಆಂತಿನೋರಿ ಮನೆತನ ತಿನ್ಯಾನೆಲ್ಲೊ ತೋಟದ 1971ರ ವೈನನ್ನು ಕಿಯಾಂತಿ ಎಂಬ ಹೆಸರು ಬಿಟ್ಟು ಬರೀ ಮೇಜಿನ ವೈನು ಎಂಬ ಅತ್ಯಂತ ಕೆಳಗಿನ ದರ್ಜೆಯಲ್ಲಿ ಮಾರಿತು. ವೈನು ತಜ್ಞ ಜಾಕೊಮೊ ತಾಕಿಸ್ ಅವರ ಮಾರ್ಗದರ್ಶನದಲ್ಲಿ ಅದನ್ನು ಸಣ್ಣ ಓಕ್ ಪೀಪಾಯಿಗಳಲ್ಲಿ ಹಳತಾಗಿಸಲಾಯಿತು, 1975ರ ಹೊತ್ತಿಗೆ ಬಿಳಿ ದ್ರಾಕ್ಷಿಯನ್ನು ಪೂರ್ತಿಯಾಗಿ ಕೈಬಿಡಲಾಯಿತು, ಕ್ಯಾಬರ್ನೆ ಸೇರಿತು. ದರ್ಜೆ ಕೆಳಗಿನದು, ಬೆಲೆ ಮೇಲಿನದು. ಜನ ಕೊಂಡರು. ಈ ಬಗೆಯ ವೈನುಗಳಿಗೆ ಮುಂದೆ ಸೂಪರ್ ಟಸ್ಕನ್ ಎಂಬ ಹೆಸರೇ ಬಿದ್ದು, ಅವುಗಳಿಗೊಂದು ಗೌರವದ ದರ್ಜೆ ಕಲ್ಪಿಸಲು 1992ರಲ್ಲಿ ಇಟಲಿಯ ವೈನು ಕಾನೂನನ್ನೇ ತಿದ್ದಬೇಕಾಯಿತು. ಕಿಯಾಂತಿಯ ನಿಯಮಗಳೂ ಅದೇ ಒತ್ತಡದಲ್ಲಿ ಸಡಿಲಗೊಂಡವು: 1984ರಲ್ಲಿ ಕ್ಲಾಸಿಕೊದ ಬಿಳಿ ಪಾಲು ಶೇ. 2ರಿಂದ 5ರ ಮಿತಿಗೆ ಇಳಿಯಿತು. 1996ರಲ್ಲಿ ಕ್ಲಾಸಿಕೊ ಸ್ವತಂತ್ರ ಮಾನ್ಯತೆ ಪಡೆದು ನೂರಕ್ಕೆ ನೂರು ಸಾಂಜೊವೇಸೆಗೂ ಅವಕಾಶ ಕೊಟ್ಟಿತು. 2006ರ ಸುಗ್ಗಿಯಿಂದ ಕ್ಲಾಸಿಕೊದಲ್ಲಿ ಬಿಳಿ ದ್ರಾಕ್ಷಿ ನಿಷಿದ್ಧವಾಯಿತು.

ಇಂದು ಕ್ಲಾಸಿಕೊದಲ್ಲಿ ಸಾಂಜೊವೇಸೆ ಕನಿಷ್ಠ ಶೇ. 80 ಇರಬೇಕು. ಉಳಿದ ಶೇ. 20ರಲ್ಲಿ ಕನಾಯೊಲೊ, ಕೊಲೊರೀನೊಗಳಂತೆ ಫ್ರೆಂಚ್ ತಳಿಗಳಾದ ಮೆರ್ಲೊ, ಕ್ಯಾಬರ್ನೆಗಳೂ ಬರಬಹುದು. ಇದನ್ನು ಪರಕೀಯರ ನುಸುಳುವಿಕೆ ಎಂದು ಹಲವರು ದೂರುತ್ತಾರೆ. ಆದರೆ ಹಳೆಬೇರು ಅವರು ಉಲ್ಲೇಖಿಸಿದ 1716ರ ನಾಲ್ಕು ಸೀಮೆಗಳಲ್ಲಿ ಒಂದಾದ ಕಾರ್ಮಿನ್ಯಾನೊದಲ್ಲಿ ಕ್ಯಾಬರ್ನೆಯನ್ನು ಫ್ರೆಂಚ್ ದ್ರಾಕ್ಷಿ ಎಂಬ ಹೆಸರಿನಲ್ಲಿ ಬಹಳ ಹಿಂದಿನಿಂದಲೂ ಬೆಳೆಯುತ್ತಿದ್ದಾರೆ, ಅಲ್ಲಿ ಸಾಂಜೊವೇಸೆಯೊಂದಿಗೆ ಅದರ ಮಿಶ್ರಣವೇ ಸಂಪ್ರದಾಯ. ಮಿಶ್ರಣದ ವಿವೇಕವೇ ಪರಂಪರೆ ಎಂದಾದರೆ, ಬೆರೆಯುವ ತಳಿಯ ಊರು ಕೇಳುವುದು ಯಾಕೆ? ಬೆರೆತ ಮೇಲೆ ವೈನು ಚೆನ್ನಾಗಿದೆಯೇ ಎಂಬುದೊಂದೇ ಪ್ರಶ್ನೆ ಸಾಕಲ್ಲವೇ?

ಆರ್ನೊ ದಡದಿಂದ

ಪೀಪಾಯಿ ಅವರ ವಾದದಲ್ಲಿ ಬಲವಿದೆ, ಆದರೆ ಅದರಲ್ಲಿ ಅರ್ಧ ಚರಿತ್ರೆ ಬಿಟ್ಟುಹೋಗಿದೆ. ಹೊರನಡೆದವರೆಲ್ಲ ಕ್ಯಾಬರ್ನೆ ಹಿಡಿದು ಹೋಗಲಿಲ್ಲ. ರಾದ್ದಾದ ಮೊಂತೆವೆರ್ತೀನೆ ತೋಟದ ಸೆರ್ಜೊ ಮನೆತ್ತಿ 1977ರಲ್ಲಿ ಲೆ ಪೆರ್ಗೊಲೆ ತೋರ್ತೆ ಎಂಬ ವೈನನ್ನು ಮಾಡಿದ್ದು ಸಾಂಜೊವೇಸೆ ಒಂದರಿಂದಲೇ. ಅಂದರೆ ಆ ಕಾಲದ ನಿಯಮಾವಳಿಯಲ್ಲಿ ಮೂಲ ಕಿಯಾಂತಿಯ ಹೃದಯಭಾಗದಲ್ಲಿ ಬೆಳೆದ, ಅದೇ ಸೀಮೆಯ ತಳಿಯ ವೈನಿಗೆ ಕಿಯಾಂತಿ ಎಂಬ ಹೆಸರು ಸಿಗಲಿಲ್ಲ. ಆ ಅನ್ಯಾಯಕ್ಕೆ ಪರಿಹಾರ ಹೊರಗಿನ ತಳಿಯಲ್ಲಿ ಇರಲಿಲ್ಲ, ಬೆಳೆಗಾರನಿಗೆ ಆಯ್ಕೆಯ ಸ್ವಾತಂತ್ರ್ಯ ಕೊಡುವುದರಲ್ಲಿ ಇತ್ತು.

ಮೆರ್ಲೊ ಮತ್ತು ಕ್ಯಾಬರ್ನೆ ಬೇಕಾದದ್ದು ಸಾಂಜೊವೇಸೆಯ ಸಸಿಗಳೇ ಕಳಪೆಯಾಗಿದ್ದ ಕಾಲದಲ್ಲಿ. 1980ರ ದಶಕದ ಕೊನೆಯಲ್ಲಿ ಬೆಳೆಗಾರರ ಒಕ್ಕೂಟ, 1924ರ ಮೇ 14ರಂದು ರಾದ್ದಾದಲ್ಲಿ 33 ಮಂದಿ ಸೇರಿ ಕಟ್ಟಿದ ಅದೇ ಒಕ್ಕೂಟ, ಕಿಯಾಂತಿ ಕ್ಲಾಸಿಕೊ 2000 ಎಂಬ ಯೋಜನೆಯನ್ನು ಫ್ಲಾರೆನ್ಸ್ ಮತ್ತು ಪೀಸಾ ವಿಶ್ವವಿದ್ಯಾಲಯಗಳ ಜೊತೆ ಕೈಗೊಂಡಿತು. ಹಳೆಯ ತೋಟಗಳಲ್ಲಿ ಉಳಿದಿದ್ದ ಉತ್ತಮ ಬಳ್ಳಿಗಳನ್ನು ಹುಡುಕಿ, ಕಸಿ ಮಾಡಿ, ಬೇರುಸಸಿ, ಸಾಲಿನ ಅಂತರ, ಚಾಟಣಿಯ (ಬಳ್ಳಿ ಸವರುವ) ಕ್ರಮ ಎಲ್ಲವನ್ನೂ ವರ್ಷಗಟ್ಟಲೆ ಪರೀಕ್ಷಿಸಿದರು. ಸಡಿಲ ಗೊಂಚಲಿನ, ಚಿಕ್ಕ ಕಾಯಿಯ, ದಪ್ಪ ಸಿಪ್ಪೆಯ ಸಾಂಜೊವೇಸೆ ಸಸಿಗಳು ನರ್ಸರಿಗಳಿಗೆ ಬಂದದ್ದು ಆಮೇಲೆ. ಇಂದಿನ ತೋಟಗಳಲ್ಲಿ ನಿಂತಿರುವ ಬಳ್ಳಿ 1970ರ ದಶಕದ ಬಳ್ಳಿಯಲ್ಲ. ಬೇಸಿಗೆಗಳೂ ಹಿಂದಿಗಿಂತ ಬಿಸಿಯಾಗಿವೆ, ಹಣ್ಣು ಮಾಗದೆ ಉಳಿಯುವ ವರ್ಷಗಳು ಅಪರೂಪವಾಗಿವೆ. ಊರುಗೋಲಿನ ಅಗತ್ಯ ಕಳೆದ ಮೇಲೂ ಅದನ್ನು ಕೈಬಿಡದಿದ್ದರೆ ನಡಿಗೆಯ ಲಯ ತಿಳಿಯುವುದಿಲ್ಲ.

ಒಕ್ಕೂಟವೂ ಈ ದಿಕ್ಕಿನಲ್ಲಿಯೇ ಸಾಗುತ್ತಿದೆ. 2021ರಲ್ಲಿ ಕ್ಲಾಸಿಕೊ ಸೀಮೆಯನ್ನು ರಾದ್ದಾ, ಗಾಯೊಲೆ, ಕಾಸ್ತೆಲ್ಲೀನಾ, ಗ್ರೇವೆ, ಪಂತ್ಸಾನೊ, ಲಾಮೊಲೆ ಮುಂತಾದ 11 ಘಟಕಗಳಾಗಿ ವಿಂಗಡಿಸಲು ತೀರ್ಮಾನಿಸಿದರು. ಅತ್ಯುನ್ನತ ದರ್ಜೆಯಾದ ಗ್ರಾನ್ ಸೆಲೆತ್ಸಿಯೋನೆಯಲ್ಲಿ ಆ ಹೆಸರನ್ನು ಚೀಟಿಯ ಮೇಲೆ ಹಾಕಬಹುದು. ಅದೇ ದರ್ಜೆಗೆ ಸಾಂಜೊವೇಸೆ ಕನಿಷ್ಠ ಶೇ. 90 ಇರಬೇಕು, ಉಳಿದದ್ದು ಸ್ಥಳೀಯ ಕೆಂಪು ತಳಿಗಳಿಗೆ ಮೀಸಲು ಎಂದೂ ನಿರ್ಧರಿಸಿದರು. ಇದರ ಹಿಂದೆ ತರ್ಕವಿದೆ. ಬಣ್ಣವೂ ಪರಿಮಳವೂ ತೆಳುವಾದ ಸಾಂಜೊವೇಸೆಯಲ್ಲಿ ಶೇ. 10ರ ಮೆರ್ಲೊ ಕೂಡ ಎದ್ದು ಮಾತಾಡುತ್ತದೆ. ಆಗ ಲಾಮೊಲೆಯ ಮರಳುಗಲ್ಲಿನ ವೈನಿಗೂ ರಾದ್ದಾದ ಪದರುಕಲ್ಲಿನ ವೈನಿಗೂ ಇರುವ ಸೂಕ್ಷ್ಮ ವ್ಯತ್ಯಾಸ ಮುಚ್ಚಿಹೋಗುತ್ತದೆ. ಕನಾಯೊಲೊ ಹಾಗೆ ಮಾಡುವುದಿಲ್ಲ. ಪರಿಮಳವನ್ನು ಕೆಡಿಸದೆ ಎಂದು ರಿಕಾಸೊಲಿ ಬರೆದದ್ದು ಇದನ್ನೇ.

ತೊರವಿ ತೋಟ

ಗೊವೆರ್ನೊ ವಿವರಿಸಿದ ಇಬ್ಬರಿಗೂ ಧನ್ಯವಾದಗಳು. ಸಾಂಜೊವೇಸೆ ನಮ್ಮ ಕಡೆಗೂ ಬಂದಿದೆ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನಲ್ಲಿ ಫ್ರಾತೆಲ್ಲಿ ಕಂಪನಿಯವರು ಟಸ್ಕನಿಯ ವೈನು ತಜ್ಞ ಪಿಯೆರೊ ಮಾಸಿ ಅವರ ನೆರವಿನಿಂದ ಅದನ್ನು ಬೆಳೆದು, ಕ್ಯಾಬರ್ನೆಯೊಡನೆ ಬೆರೆಸಿ ವೈನು ಮಾಡುತ್ತಾರೆ. ಹಂಪಿಯ ಸುತ್ತಲಿನ ಗುಡ್ಡಗಳ ಸೀಮೆಯಲ್ಲಿಯೂ ಅದರ ತೋಟವಿದೆ.

ಆದರೆ ನಮ್ಮ ಲೆಕ್ಕವೇ ಬೇರೆ. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ. ಏಪ್ರಿಲ್ ಚಾಟಣಿಯಲ್ಲಿ ಕಡ್ಡಿ ತಯಾರಿ, ಅಕ್ಟೋಬರ್ ಆಸುಪಾಸಿನ ಚಾಟಣಿಯಲ್ಲಿ ಫಲದ ತಯಾರಿ, ಫೆಬ್ರುವರಿ ಮಾರ್ಚಿನಲ್ಲಿ ಕೊಯ್ಲು. ಟಸ್ಕನಿಯಲ್ಲಿ ಹಣ್ಣು ಮಾಗುವುದು ದಿನದಿನಕ್ಕೆ ತಂಪಾಗುವ ಶರತ್ಕಾಲದಲ್ಲಿ; ನಮ್ಮಲ್ಲಿ ಮಾಗುವುದು ಬಿಸಿಲೇರುವ ದಿನಗಳಲ್ಲಿ, ಹುಳಿ ಬೇಗ ಇಳಿದುಹೋಗುತ್ತದೆ. ಅಲ್ಲಿ ಹುಳಿಯನ್ನು ಪಳಗಿಸಲು ಬೆರೆಸಿದರು. ಇಲ್ಲಿ ಬೆರೆಸುವುದಾದರೆ ಹುಳಿಯನ್ನು ಉಳಿಸಲು ಬೆರೆಸಬೇಕಾದೀತು. ಅವರ ಅಳತೆಯನ್ನು ಇಲ್ಲಿಗೆ ಹಾಗೆಯೇ ತಂದರೆ 1967ರಲ್ಲಿ ಆದದ್ದೇ ಆಗುತ್ತದೆ ಎಂಬುದು ಈ ಚರ್ಚೆಯಿಂದ ನನಗೆ ಸ್ಪಷ್ಟವಾಯಿತು.

ಒಂದು ಪ್ರಶ್ನೆ ಉಳಿದಿದೆ: ಕ್ಲಾಸಿಕೊದಲ್ಲಿ ಬಿಳಿ ದ್ರಾಕ್ಷಿ ನಿಷಿದ್ಧವಾದ ಮೇಲೆ ಆ ಬಳ್ಳಿಗಳು ಏನಾದವು? ಕಿತ್ತೇ ಹಾಕಿದರೆ?

ಹಳೆಬೇರು

ಬಹಳಷ್ಟನ್ನು ಕಿತ್ತು ಕೆಂಪು ತಳಿ ನೆಟ್ಟರು, ಇಲ್ಲವೇ ಅದೇ ಬುಡಕ್ಕೆ ಹೊಸ ಕಸಿ ಕಟ್ಟಿದರು. ಬಿಳಿ ಪಾಲು ಇಳಿಯತೊಡಗಿದ ಕಾಲದಲ್ಲಿ ಮಿಕ್ಕ ತ್ರೆಬ್ಬಿಯಾನೊಗೆ ದಾರಿ ಕಾಣಿಸಲೆಂದೇ ದೊಡ್ಡ ಉತ್ಪಾದಕರು ಗಲೆಸ್ತ್ರೊ ಎಂಬ ಹೆಸರಿನ ತೆಳುವಾದ ಬಿಳಿ ವೈನನ್ನು ಮಾರುಕಟ್ಟೆಗೆ ತಂದಿದ್ದರು. ಉಳಿದ ಬಳ್ಳಿಗಳ ಹಣ್ಣು ಇಂದಿಗೂ ವಿನ್ ಸಾಂತೊ ಎಂಬ ಸಿಹಿ ವೈನಿಗೆ ಬಳಕೆಯಾಗುತ್ತಿದೆ. ತ್ರೆಬ್ಬಿಯಾನೊ, ಮಾಲ್ವಸೀಯಗಳನ್ನು ತಿಂಗಳುಗಟ್ಟಲೆ ಬಾಡಿಸಿ, ಹಿಂಡಿದ ಗಟ್ಟಿ ರಸವನ್ನು ಸಣ್ಣ ಪೀಪಾಯಿಗಳಲ್ಲಿ ಮುಚ್ಚಿ ವರ್ಷಗಟ್ಟಲೆ ಇಡುತ್ತಾರೆ. ಕೆಂಪು ವೈನನ್ನು ನೀರಾಗಿಸಿದ ದ್ರಾಕ್ಷಿಗಳಿಗೆ ಅಲ್ಲಿ ತಕ್ಕ ಕೆಲಸವಿದೆ. ಕ್ಲಾಸಿಕೊ ಸೀಮೆಯಾಚೆಯ ಸಾಮಾನ್ಯ ಕಿಯಾಂತಿಯಲ್ಲಿ ಇಂದಿಗೂ ಶೇ. 10ರವರೆಗೆ ಬಿಳಿ ದ್ರಾಕ್ಷಿ ಬೆರೆಸಲು ಅನುಮತಿ ಇದೆ, ಗೊವೆರ್ನೊ ಮಾಡಿದರೆ ಅದನ್ನು ಚೀಟಿಯ ಮೇಲೆ ಹಾಕಲೂಬಹುದು. ಎರಡೂ ಕಡ್ಡಾಯವಲ್ಲ. ರಿಕಾಸೊಲಿ ಬಯಸಿದ್ದು ಇಂಥ ಆಯ್ಕೆಯನ್ನೇ ಎಂದು ನನ್ನ ನಂಬಿಕೆ.

ಪೀಪಾಯಿ ಅವರೇ, ತಮ್ಮ ಪ್ರಶ್ನೆಗೆ ನನ್ನ ಉತ್ತರವನ್ನೂ ಹೇಳಿಬಿಡುತ್ತೇನೆ. ಶೇ. 20ರ ಆ ಜಾಗದಲ್ಲಿ ಮೆರ್ಲೊ ಹಾಕುವವರನ್ನು ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ. ಕಾರ್ಮಿನ್ಯಾನೊದ ಉದಾಹರಣೆ ನ್ಯಾಯವಾದದ್ದೇ. ಆದರೆ ಕಾರ್ಮಿನ್ಯಾನೊದಲ್ಲಿ ಕ್ಯಾಬರ್ನೆ ಆ ಊರಿನ ವೈನಿನ ಗುರುತೇ ಆಗುವಷ್ಟು ಕಾಲ ಅಲ್ಲಿ ಬಾಳಿದೆ. ಗಾಯೊಲೆ, ರಾದ್ದಾಗಳಲ್ಲಿ ಅದು ಕೆಟ್ಟ ಸಸಿಗಳ ಕೊರತೆ ತುಂಬಲು ಬಂದದ್ದು. ಆ ಕೊರತೆ ನೀಗಿರುವಾಗ, ಹಳೆಯ ತೋಟಗಳ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ಕನಾಯೊಲೊವನ್ನೂ ಕೊಲೊರೀನೊವನ್ನೂ ಸಾಂಜೊವೇಸೆಗೆ ಸಿಕ್ಕಂಥದೇ ಸಂಶೋಧನೆಯಿಂದ ಮೇಲೆತ್ತಬೇಕು. ಅವುಗಳಿಗೂ ಒಳ್ಳೆಯ ಸಸಿ ಸಿಕ್ಕಿ, ಒಳ್ಳೆಯ ಇಳಿಜಾರು ಸಿಕ್ಕಿ, ಆಮೇಲೂ ಅವು ಮೆರ್ಲೊಗಿಂತ ಹಿಂದೆ ಬಿದ್ದರೆ ತಮ್ಮ ವಾದವನ್ನು ಒಪ್ಪಲು ನನ್ನ ಅಡ್ಡಿಯಿಲ್ಲ.

ಪೀಪಾಯಿ

ಹಳೆಬೇರು ಅವರೇ, ಈ ಷರತ್ತು ನನಗೆ ಸಮ್ಮತ. ಕನಾಯೊಲೊ ಒಂದನ್ನೇ ಬಳಸಿದ ವೈನನ್ನೂ ಆ ಸೀಮೆಯ ಕೆಲವು ತೋಟಗಳು ಬಾಟಲಿಗೆ ತುಂಬುತ್ತಿವೆ. ಅವುಗಳ ರುಚಿ ನೋಡಿದ ಸದಸ್ಯರಿದ್ದರೆ, ವರ್ಷ ಮತ್ತು ಘಟಕದ ಹೆಸರಿನೊಂದಿಗೆ ಇಲ್ಲಿಯೇ ಬರೆಯಬೇಕೆಂದು ವಿನಂತಿಸುತ್ತೇನೆ.